4000 ಮಿಡಿಗೆ 6 ಡಬ್ಬಿ ಉಪ್ಪು: ಒಂದು ಸಣ್ಣ ಉಪ್ಪಿನಕಾಯಿ ಘಟಕದ ಪ್ರಕರಣ ಅಧ್ಯಯನ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದಾಗ 'ಟುಸ್' ಅಂತ ಸದ್ದು ಬರಬಾರದು. ಬಂದರೆ ಒಳಗೆ ಹುಳಿಯುತ್ತಿದೆ ಅಂತಲೇ ಅರ್ಥ. ಆ ಸೆಪ್ಟೆಂಬರ್‌ನಲ್ಲಿ ನಾನು ಹೋದ ಘಟಕದಲ್ಲಿ ಮಾಲೀಕರು ನನ್ನ ಮುಂದೆ ಎಂಟು ಬಾಟಲಿ ಇಟ್ಟು ಒಂದೊಂದಾಗಿ ಮುಚ್ಚಳ ತೆಗೆದರು. ಐದು ಬಾಟಲಿ ಸದ್ದು ಮಾಡಿದವು. ಒಂದರ ಮಸಾಲೆ ನೊರೆಯಾಗಿ ಉಕ್ಕಿ ಮೇಜಿನ ಮೇಲೆ ಇಳಿಯಿತು. ಅವರು ಏನೂ ಮಾತಾಡಲಿಲ್ಲ. ಬಟ್ಟೆ ತಂದು ಒರೆಸಿದರು, ಅಷ್ಟೆ.

ಮಲೆನಾಡಿನ ಸಣ್ಣ ಆಹಾರ ಘಟಕಗಳಿಗೆ ಗುಣಮಟ್ಟದ ವಿಷಯದಲ್ಲಿ ಸಹಾಯ ಮಾಡುವುದು ನನ್ನ ಕೆಲಸ. ಇದು ಅಂಥ ಒಂದು ಘಟಕದಲ್ಲಿ ಒಂದು ವರ್ಷ ನಡೆದದ್ದರ ವಿವರ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ಹತ್ತಿರದ ಅಂಕಿಗೆ ಸರಿಮಾಡಿದ್ದೇನೆ.

ಹಿನ್ನೆಲೆ

ಘಟಕ ಶುರುವಾದದ್ದು ಮನೆಯ ಅಡುಗೆಮನೆಯಲ್ಲಿ. ಮಾಲೀಕರ ತಾಯಿ ಹಾಕುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಗೆ ನೆಂಟರಿಷ್ಟರಲ್ಲಿ ಒಳ್ಳೆ ಹೆಸರಿತ್ತು. ಮದುವೆಮನೆಗೆ ಕೊಟ್ಟರು, ಪೇಟೆಯ ಅಂಗಡಿಗೆ ಕೊಟ್ಟರು, ಆಮೇಲೆ ಬೆಂಗಳೂರಿಗೂ ಹೋಗತೊಡಗಿತು. ಹತ್ತು ವರ್ಷದಲ್ಲಿ ಮನೆಯ ಹಿಂದೆ ಒಂದು ಶೆಡ್ ಬಂತು. ಈಗ 14 ಜನ ಕೆಲಸ ಮಾಡುತ್ತಾರೆ, ಅವರಲ್ಲಿ 11 ಜನ ಹೆಂಗಸರು. ಆ ತಾಯಿಯನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಉತ್ತರ ಕನ್ನಡ, ಶಿವಮೊಗ್ಗ ಕಡೆ ಹೊಳೆದಂಡೆಯಲ್ಲಿ, ಕಾಡಿನಲ್ಲಿ ತಾನಾಗಿ ಬೆಳೆಯುವ ಕಾಟುಮಾವಿನ ಎಳೆಗಾಯಿ. ಒಳಗೆ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಲ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಆದರೆ ಪರಿಮಳ ಇರುವುದು ಆ ಸೊನೆಯಲ್ಲೇ. ಅದಕ್ಕೇ ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳಿಸದೆ, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಮರದಿಂದ ಇಳಿಸುತ್ತಾರೆ. ಮಿಡಿಯನ್ನು ಹರಳುಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟುಕೊಂಡು ಚಿರುಟುತ್ತದೆ. ಆ ಉಪ್ಪುನೀರಿನಲ್ಲೇ ಅದು ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ತೆಗೆದು, ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಸೇರಿಸಿ ಅರೆದ ಮಸಾಲೆಯಲ್ಲಿ ಕಲಸುತ್ತಾರೆ. ಚೆನ್ನಾಗಿ ಹಾಕಿದ ಮಿಡಿ ಎರಡು ವರ್ಷ ಕಳೆದರೂ ಹಲ್ಲಿಗೆ ಕರುಂ ಅನ್ನುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ಮುಂದೆ ಅದೇ ಮುಖ್ಯವಾಗುತ್ತದೆ. ಮಿಡಿಯ ವ್ಯಾಪಾರ ತೂಕದಲ್ಲಿ ಅಲ್ಲ, ಎಣಿಕೆಯಲ್ಲಿ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಅಂತ ದರ.

ಆ ವರ್ಷ ಘಟಕ ಎರಡು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಮಿಡಿ ಕೊಂಡಿತ್ತು. 50 ಲೀಟರಿನ 52 ಡ್ರಮ್, ಒಂದೊಂದರಲ್ಲಿ 4000 ಮಿಡಿ. ಹಿಂದಿನ ಯಾವ ವರ್ಷವೂ 30 ಡ್ರಮ್ ದಾಟಿರಲಿಲ್ಲ.

ತೊಂದರೆ

ಜೂನ್ ಕೊನೆಯಲ್ಲಿ ಮೊದಲ ದೂರು ಬಂತು. ಆಮೇಲೆ ವಾರವಾರ ಬಂದವು. ಮುಚ್ಚಳ ಉಬ್ಬಿದೆ, ರಸ ಸೋರಿ ಲೇಬಲ್ ಹಾಳಾಗಿದೆ, ಮಿಡಿ ಮೆತ್ತಗಾಗಿದೆ, ಹೆಂಡದ ವಾಸನೆ ಬರುತ್ತಿದೆ. ನಾನು ಹೋಗುವ ಹೊತ್ತಿಗೆ 33 ಡ್ರಮ್‌ನ ಮಿಡಿ ಬಾಟಲಿ ಸೇರಿತ್ತು. ಅರ್ಧ ಕೆಜಿಯ ಸುಮಾರು 2600 ಬಾಟಲಿ ಕಳಿಸಿದ್ದರು, 410 ವಾಪಸ್ ಬಂದಿದ್ದವು. ಒಂದಕ್ಕೆ 220 ರೂಪಾಯಿ ಅಂದರೂ 90 ಸಾವಿರ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಅಂದರೆ, ಹತ್ತು ವರ್ಷದ ಗಿರಾಕಿಗಳು ಫೋನ್ ಮಾಡಿ "ಈ ಸಲ ದೊಡ್ಡಮ್ಮನ ಕೈ ಅಲ್ವಾ?" ಅಂತ ಕೇಳತೊಡಗಿದ್ದರು.

ಮೂರು ತಿಂಗಳು ಅವರು ಸುಮ್ಮನೆ ಕೂತಿರಲಿಲ್ಲ. ನಾನು ಹೋಗುವ ಮೊದಲೇ ಮೂರು ದಾರಿ ಹಿಡಿದು ನೋಡಿದ್ದರು.

ಮೊದಲನೆಯದು, ಕಳಿಸುವ ಮುಂಚೆ ಪ್ರತಿ ಬಾಟಲಿ ತೆಗೆದು ನೋಡುವುದು. ಇಬ್ಬರನ್ನು ಇದಕ್ಕೇ ಕೂರಿಸಿದರು. ಅವರು ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚುತ್ತಿದ್ದರು. ಆದರೆ ತುಂಬಿದ ವಾರದಲ್ಲಿ ಯಾವ ಬಾಟಲಿಯೂ ಕೆಟ್ಟಿರುವುದಿಲ್ಲ. ಕೆಡುವುದು ಐದಾರು ವಾರದ ಮೇಲೆ, ಅಂಗಡಿಯ ಸೆಕೆಯಲ್ಲಿ. ಇವತ್ತು ಚೆನ್ನಾಗಿದೆ ಅಂತ ನೋಡಿ ಕಳಿಸಿದ್ದು ಅಲ್ಲಿ ಹೋಗಿ ಉಬ್ಬುತ್ತಿತ್ತು. ದಿನಕ್ಕೆ ಎರಡು ಆಳಿನ ಕೂಲಿ ಹೋಯಿತು, ದೂರು ಕಡಿಮೆ ಆಗಲಿಲ್ಲ.

ಎರಡನೆಯದು ಮುಚ್ಚಳ. ಗಾಳಿ ಒಳಹೋಗಿ ಕೆಡುತ್ತಿದೆ ಅಂದುಕೊಂಡು ಮುಚ್ಚಳ ಬದಲಿಸಿದರು. ಬಾಟಲಿಯ ಬಾಯಿಗೆ ಹಾಳೆ ಅಂಟಿಸುವ ಸೀಲಿಂಗ್ ಯಂತ್ರವನ್ನೂ ತಂದರು. ಸೀಲ್ ಮಾಡಿದ ಬಾಟಲಿಗಳ ಹಾಳೆ ಪೂರಿಯ ಹಾಗೆ ಉಬ್ಬಿತು. ಮಾಲೀಕರಿಗೆ ಇದು ಇನ್ನೊಂದು ಸೋಲಾಗಿ ಕಂಡಿತ್ತು. ನನಗೆ ಅದೇ ಮೊದಲ ಸುಳಿವು. ಹೊರಗಿನ ಗಾಳಿ ಒಳಗೆ ಬರುತ್ತಿದ್ದರೆ ಹಾಳೆ ಉಬ್ಬುವುದಿಲ್ಲ. ಒಳಗೇ ಗಾಳಿ ಹುಟ್ಟುತ್ತಿದೆ. ಅಂದರೆ ಬಾಟಲಿ ತುಂಬುವ ಮೊದಲೇ ತಪ್ಪು ನಡೆದಿದೆ.

ಮೂರನೆಯದು ಸಂರಕ್ಷಕ ಹಾಕುವ ಯೋಚನೆ. ಸೋಡಿಯಂ ಬೆಂಜೊಯೇಟನ್ನು ಮಿತಿಯೊಳಗೆ ಹಾಕಲು ಕಾನೂನು ಬಿಡುತ್ತದೆ, ಅದರಲ್ಲಿ ತಪ್ಪಿಲ್ಲ. ಮಾಲೀಕರು ತರಿಸಿಯೂ ಇಟ್ಟಿದ್ದರು. ದೊಡ್ಡಮ್ಮ ಒಪ್ಪಲಿಲ್ಲ. "ಹತ್ತು ವರ್ಷ ಇಲ್ಲದ್ದು ಈಗ ಯಾಕೆ ಬೇಕಾಯ್ತು, ಅದನ್ನ ಮೊದಲು ಹೇಳು" ಅಂದರಂತೆ. ಈ ಇಡೀ ಪ್ರಕರಣದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು. ಕಾರಣ ಗೊತ್ತಿಲ್ಲದೆ ಮದ್ದು ಹಾಕಿದ್ದರೆ ದೂರು ಸ್ವಲ್ಪ ಕಡಿಮೆ ಆಗುತ್ತಿತ್ತೇನೋ. ಮಿಡಿ ಮಾತ್ರ ಮೆತ್ತಗೇ ಇರುತ್ತಿತ್ತು.

ಯಾವ ಡ್ರಮ್, ಯಾವ ಬಾಟಲಿ?

ನಾನು ಮೊದಲು ಕೇಳಿದ್ದು ಇದನ್ನೇ: ವಾಪಸ್ ಬಂದ ಈ ಬಾಟಲಿ ಯಾವ ಡ್ರಮ್‌ನದ್ದು? ಯಾರಿಗೂ ಗೊತ್ತಿರಲಿಲ್ಲ. ಲೇಬಲ್ ಮೇಲೆ ಲಾಟ್ ನಂಬರ್ ಇರಬೇಕು ಅಂತ ನಿಯಮವಿದೆ, ಇವರದ್ದರಲ್ಲೂ ಇತ್ತು. ಆದರೆ ಅದು ಬಾಟಲಿ ತುಂಬಿದ ದಿನದ ಲೆಕ್ಕ. ಒಂದೇ ದಿನ ಮೂರು ಡ್ರಮ್‌ನಿಂದ ಮಿಡಿ ತೆಗೆದು ಒಟ್ಟಿಗೆ ಕಲಸಿದ್ದಿದೆ. ಆ ನಂಬರ್ ಹಿಡಿದು ಹಿಂದೆ ಹೋದರೆ ಮಸಾಲೆ ಕಲಸುವ ಮೇಜಿನ ಹತ್ತಿರ ದಾರಿ ನಿಂತುಬಿಡುತ್ತದೆ.

ಅದೃಷ್ಟಕ್ಕೆ ಇನ್ನೂ 19 ಡ್ರಮ್ ತುಂಬಿದ್ದು ಹಾಗೇ ಇದ್ದವು. ಅವಕ್ಕೆ ಸುಣ್ಣದಲ್ಲಿ 1ರಿಂದ 19ರವರೆಗೆ ನಂಬರ್ ಬರೆದೆವು. ಅವು ಯಾವಾಗ ತುಂಬಿದ್ದು ಅಂತ ಹೇಗೆ ತಿಳಿಯುವುದು? ಶೆಡ್ಡಿನ ಲೆಕ್ಕ ನೋಡಿಕೊಳ್ಳುವ ಹುಡುಗಿ ನೆನಪು ಮಾಡಿದಳು: "ಡ್ರಮ್ಮಿನ ಹಿಡಿಕೆಗೆ ಚೀಟಿ ಕಟ್ಟಿರ್ತೀವಲ್ಲ ಸಾರ್." ಮಿಡಿ ತಂದವರಿಗೆ ದುಡ್ಡು ಕೊಡುವ ಲೆಕ್ಕಕ್ಕಾಗಿ, ಯಾರ ಮಿಡಿ, ಎಷ್ಟು ಸಾವಿರ ಅಂತ ರಟ್ಟಿನ ತುಂಡಿನಲ್ಲಿ ಬರೆದು ಕಟ್ಟಿದ್ದರು. ಅದನ್ನು ಪಾವತಿ ಪುಸ್ತಕದ ಜೊತೆ ಹೊಂದಿಸಿದರೆ ತಾರೀಖು ಸಿಕ್ಕಿತು. ಗುಣಮಟ್ಟಕ್ಕೆ ಅಂತ ಯಾವ ದಾಖಲೆಯೂ ಇರಲಿಲ್ಲ. ದುಡ್ಡಿಗಾಗಿ ಇಟ್ಟ ದಾಖಲೆ ನಮ್ಮನ್ನು ಉಳಿಸಿತು. ಸಣ್ಣ ಘಟಕಗಳಿಗೆ ಹೋದಾಗ ನಾನು ಈಗ ಮೊದಲು ಹುಡುಕುವುದು ಪಾವತಿ ಪುಸ್ತಕವನ್ನೇ.

ಮುಂದಿನ ಹೆಜ್ಜೆ ಉಪ್ಪುನೀರಿನ ಗಟ್ಟಿತನ ಅಳೆಯುವುದು. ಇದಕ್ಕೆ ಹೈಡ್ರೋಮೀಟರ್ ಸಾಕು. ಗಾಜಿನ ಸಣ್ಣ ಕೊಳವೆ, ಕೆಳಗೆ ಭಾರ, ಮೇಲೆ ಗೆರೆ. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ಮೇಲೆ ತೇಲುತ್ತದೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬರೀ ನೀರಿಗೆ 1.00 ತೋರಿಸುತ್ತದೆ, 20% ಉಪ್ಪಿನ ನೀರಿಗೆ 1.15ರ ಹತ್ತಿರ, 13% ಉಪ್ಪಿಗೆ 1.09ರ ಹತ್ತಿರ. ಮಿಡಿ ಬಿಟ್ಟ ರಸವೂ ಆ ನೀರಿನಲ್ಲಿ ಇರುವುದರಿಂದ ಲೆಕ್ಕ ಪೂರ್ತಿ ಕರಾರುವಾಕ್ಕಲ್ಲ. ಆದರೆ ಡ್ರಮ್‌ಗೂ ಡ್ರಮ್‌ಗೂ ಹೋಲಿಸಲು ಧಾರಾಳ ಸಾಕು.

ದೊಡ್ಡಮ್ಮನ ಕೈ, ಗಾಜಿನ ಕೊಳವೆ

ಆ ದಿನ ಬೆಳಿಗ್ಗೆ ದೊಡ್ಡಮ್ಮನೂ ಶೆಡ್ಡಿಗೆ ಬಂದರು. ಮಂಡಿನೋವಿನಿಂದ ಎರಡು ವರ್ಷದಿಂದ ಅವರು ಆ ಕಡೆ ಬರುವುದು ಕಡಿಮೆಯಾಗಿತ್ತು. ಒಂದು ಕುರ್ಚಿ ಹಾಕಿಸಿದೆವು. ನಾನು ಒಂದು ಮಾತು ಕೇಳಿಕೊಂಡೆ: ನನ್ನ ರೀಡಿಂಗ್ ಅವರಿಗೆ ಹೇಳುವುದಿಲ್ಲ, ಅವರ ತೀರ್ಮಾನ ನನಗೆ ಹೇಳಬಾರದು. ಇಬ್ಬರದ್ದನ್ನೂ ಲೆಕ್ಕದ ಹುಡುಗಿ ಬೇರೆಬೇರೆ ಬರೆದುಕೊಳ್ಳಬೇಕು.

ಅವರು ನೋಡುವ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೌಟಿನಲ್ಲಿ ತೆಗೆದ ಮಿಡಿಯನ್ನು ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತುತ್ತಿದ್ದರು. ಆಮೇಲೆ ತೊಟ್ಟಿನ ಹತ್ತಿರ ಉಗುರು ಇಟ್ಟು ನೋಡುತ್ತಿದ್ದರು. ಕೊನೆಗೆ ಮುಂದಿನ ಹಲ್ಲಿನಲ್ಲಿ ಕಚ್ಚಿ, ಅಗಿಯದೆ, ಆ ಸದ್ದನ್ನು ಕೇಳಿಸಿಕೊಳ್ಳುವವರ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದರು. ಉಗಿದು, ಬಾಯಿ ಮುಕ್ಕಳಿಸಿ, ಮುಂದಿನ ಡ್ರಮ್.

ಮಧ್ಯಾಹ್ನ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟೆವು. 19ರಲ್ಲಿ ಹೈಡ್ರೋಮೀಟರ್ ಕೆಟ್ಟದ್ದು ಅಂದದ್ದು 7. ದೊಡ್ಡಮ್ಮ ಬೇಡ ಅಂದದ್ದು 8. ಇಬ್ಬರೂ ಒಪ್ಪಿದ್ದು 6.

ಒಪ್ಪದ ಮೂರೇ ಹೆಚ್ಚು ಕಲಿಸಿದವು. ಹೈಡ್ರೋಮೀಟರ್ ಮಾತ್ರ ಬೇಡ ಅಂದ ಒಂದು ಡ್ರಮ್‌ನಲ್ಲಿ ಉಪ್ಪು ತಳದಲ್ಲಿ ಕೂತಿತ್ತು, ನಾನು ಮೇಲಿನ ನೀರು ತೆಗೆದಿದ್ದೆ. ಕಲಕಿ ಮರುದಿನ ನೋಡಿದರೆ ಸರಿ ಇತ್ತು. ಅಂದರೆ ತಪ್ಪು ನನ್ನ ಅಳತೆಯದ್ದು. ದೊಡ್ಡಮ್ಮ ಮಾತ್ರ ಬೇಡ ಅಂದ ಎರಡು ಡ್ರಮ್‌ನಲ್ಲಿ ಉಪ್ಪು ಸರಿಯಾಗೇ ಇತ್ತು. "ಇದು ಬಿದ್ದ ಮಿಡಿ ತಮ್ಮಾ, ಹೊರಗೆ ಗಟ್ಟಿ, ಒಳಗೆ ಸತ್ತಿದೆ" ಅಂದರು. ಚೀಟಿ ನೋಡಿದರೆ ಎರಡೂ ಒಬ್ಬರೇ ತಂದದ್ದು. ಕೊಯ್ದ ಮಿಡಿಯ ಜೊತೆ ನೆಲಕ್ಕೆ ಬಿದ್ದದ್ದೂ ಸೇರಿತ್ತು. ಮಿಡಿ ಕತ್ತರಿಸಿದರೆ ಒಳಗೆ ಕಂದು ಬಣ್ಣ. ಇದನ್ನು ಯಾವ ಹೈಡ್ರೋಮೀಟರೂ ಹೇಳುತ್ತಿರಲಿಲ್ಲ.

ಇನ್ನು ಇಬ್ಬರೂ ಕೆಟ್ಟದ್ದು ಅಂದ ಆ 6 ಡ್ರಮ್. ಅವುಗಳ ರೀಡಿಂಗ್ 1.09ರ ಆಸುಪಾಸು. ತಾರೀಖು ನೋಡಿದರೆ ಎಲ್ಲವೂ ಮಾರ್ಚ್ ಎರಡನೇ ವಾರದ ನಂತರದ್ದು. ಫೆಬ್ರವರಿಯ ಒಂದು ಡ್ರಮ್ಮೂ ಅದರಲ್ಲಿ ಇರಲಿಲ್ಲ.

ಗೋಡೆಯ ಮೇಲಿನ ಸಾಲು

ಉಪ್ಪು ಹಾಕುವ ಜಾಗದ ಗೋಡೆಯಲ್ಲಿ ಬಣ್ಣದಲ್ಲಿ ಬರೆದಿತ್ತು: "4000 ಮಿಡಿ – 6 ಡಬ್ಬಿ ಉಪ್ಪು." ಎರಡು ವರ್ಷದ ಹಿಂದೆ, ತಾಯಿ ಶೆಡ್ಡಿಗೆ ಬರುವುದು ಕಡಿಮೆಯಾದಾಗ, ಯಾರು ಬೇಕಾದರೂ ಸರಿಯಾಗಿ ಮಾಡಲಿ ಅಂತ ಮಾಲೀಕರೇ ಬರೆಸಿದ್ದು. ಒಳ್ಳೆ ಉದ್ದೇಶವೇ. ಹೆಂಗಸರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಒಬ್ಬರೂ ಉದಾಸೀನ ಮಾಡಿರಲಿಲ್ಲ.

ನಾನು ದೊಡ್ಡಮ್ಮನನ್ನು ಕೇಳಿದೆ: "ನೀವೂ ಆರೇ ಡಬ್ಬಿ ಹಾಕುತ್ತಿದ್ದಿರಾ?"

"ಹೌದು, ಆರು ಡಬ್ಬಿ."

"ಯಾವಾಗಲೂ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಿಡಿ ದಪ್ಪ ಬಂದರೆ ಮೇಲೆ ಎರಡು ಮುಷ್ಟಿ, ನಾಲ್ಕು ಮುಷ್ಟಿ ಹಾಕ್ತಿದ್ದೆ. ಉಪ್ಪು ದೊಡ್ಡ ಹರಳು ಇದ್ದರೆ ಡಬ್ಬಿ ಕುಕ್ಕಿ ತುಂಬ್ತಿದ್ದೆ. ಅದನ್ನೆಲ್ಲ ಯಾರಾದರೂ ಬರೀತಾರಾ?"

ಮಾಲೀಕರು ಗೋಡೆಯನ್ನೇ ನೋಡುತ್ತ ನಿಂತರು.

ಲೆಕ್ಕ ಹಾಕಿದೆವು. ಉಗ್ರಾಣದಲ್ಲಿ ಹಳೇ ಉಪ್ಪಿನ ಅರ್ಧ ಚೀಲ ಉಳಿದಿತ್ತು, ಗೋಕರ್ಣದ ಹತ್ತಿರದ ಸಾಣಿಕಟ್ಟೆಯದ್ದು. ಒಂದು ಡಬ್ಬಿ ತುಂಬಿ ತೂಗಿದರೆ ಸರಿಯಾಗಿ 1 ಕೆಜಿ. ಆ ವರ್ಷ ಮಾರ್ಚ್‌ನಲ್ಲಿ ಉಪ್ಪು ಸಾಲದೆ ಪೇಟೆಯಿಂದ ತಂದದ್ದು ಬೇರೆ ಕಡೆಯ ದೊಡ್ಡ ಹರಳಿನದ್ದು. ಹರಳು ದೊಡ್ಡದಾದಷ್ಟೂ ನಡುವೆ ಖಾಲಿ ಜಾಗ ಜಾಸ್ತಿ. ಅದೇ ಡಬ್ಬಿಯಲ್ಲಿ ಅದು 820 ಗ್ರಾಂ. ಆರು ಡಬ್ಬಿಗೆ ಒಂದು ಕೆಜಿಗೂ ಹೆಚ್ಚು ಉಪ್ಪು ಕಡಿಮೆ ಆಯಿತು.

ಇನ್ನು ಮಿಡಿ. ಡ್ರಮ್‌ಗಳಿಂದ ನೂರು ನೂರು ಮಿಡಿ ಎಣಿಸಿ ತೂಗಿದೆವು. ಫೆಬ್ರವರಿಯ ನೂರು ಚಿರುಟಿದ ಮಿಡಿ 480 ಗ್ರಾಂ, ಮಾರ್ಚ್ ಕೊನೆಯದ್ದು 710 ಗ್ರಾಂ. ಮುಂದಿನ ಸೀಸನ್‌ನಲ್ಲಿ ಹಸಿ ಮಿಡಿಯನ್ನೇ ತೂಗಿ ನೋಡಿದಾಗ 4000 ಮಿಡಿ ಶುರುವಿನಲ್ಲಿ 26 ಕೆಜಿ, ಕೊನೆಯಲ್ಲಿ 38 ಕೆಜಿ ಬಂತು. ದಿನ ಕಳೆದ ಹಾಗೆ ಕಾಯಿ ಬಲಿಯುತ್ತದೆ, ಅಷ್ಟೇ ಸರಳ. ಫೆಬ್ರವರಿಯಲ್ಲಿ 26 ಕೆಜಿ ಮಿಡಿಗೆ 6 ಕೆಜಿ ಉಪ್ಪು ಬಿದ್ದಿತ್ತು. ಮಾರ್ಚ್ ಕೊನೆಯಲ್ಲಿ 38 ಕೆಜಿ ಮಿಡಿಗೆ 5 ಕೆಜಿಗಿಂತ ಕಡಿಮೆ. ಎರಡೂ ಸಲ ಲೆಕ್ಕದಲ್ಲಿ ಇದ್ದದ್ದು ಮಾತ್ರ "4000 ಮಿಡಿ, 6 ಡಬ್ಬಿ".

ಉಪ್ಪುನೀರು 13%ಗೆ ಇಳಿದಿದ್ದೇ ಕಷ್ಟ. ಅದರ ಮೇಲೆ ಮಸಾಲೆ ಅರೆಯುವಾಗ ಕುದಿಸಿ ಆರಿಸಿದ ನೀರು ಸೇರುತ್ತಿತ್ತು, ಆಗ ಇನ್ನೂ ತೆಳುವಾಯಿತು. ಉಪ್ಪೇ ಮುಖ್ಯ ಸಂರಕ್ಷಕವಾದ ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಕನಿಷ್ಠ 12% ಉಪ್ಪು ಇರಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಪ್ರಯೋಗಾಲಯಕ್ಕೆ ಕಳಿಸಿದ ಉಬ್ಬಿದ ಬಾಟಲಿಗಳಲ್ಲಿ ಅದಕ್ಕಿಂತ ಕಡಿಮೆ ಬಂತು. ಅಷ್ಟು ಕಡಿಮೆ ಉಪ್ಪಿನಲ್ಲಿ ಯೀಸ್ಟ್ ಆರಾಮಾಗಿ ಬೆಳೆಯುತ್ತದೆ, ಗಾಳಿ ಬಿಡುತ್ತದೆ. ಬೇರೆ ಸೂಕ್ಷ್ಮಜೀವಿಗಳು ಕಾಯಿಯನ್ನು ಮೆತ್ತಗೆ ಮಾಡುತ್ತವೆ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಒಂದಿದೆ. ಈ ಘಟಕದಲ್ಲಿ ಮೊದಲಿಂದಲೂ ಗುಣಮಟ್ಟದ ನಿಯಂತ್ರಣ ಇತ್ತು. ಅದು ದೊಡ್ಡಮ್ಮನ ಮುಷ್ಟಿಯಲ್ಲಿತ್ತು. ಅವರು ಬಾಯಲ್ಲಿ ಹೇಳಿದ್ದನ್ನು ಗೋಡೆಗೆ ಬರೆದರು, ಕೈಯಲ್ಲಿ ಮಾಡುತ್ತಿದ್ದದ್ದು ಬಿಟ್ಟುಹೋಯಿತು. ಆ ಮುಷ್ಟಿಗೆ ಒಂದು ಹೆಸರೂ ಇರಲಿಲ್ಲ, ಅವರಿಗೇ ಅದು ನಿಯಮ ಅಂತ ಅನ್ನಿಸಿರಲಿಲ್ಲ. ಅನುಭವಿಗಳನ್ನು "ಹೇಗೆ ಮಾಡ್ತೀರಿ?" ಅಂತ ಕೇಳಿದರೆ ಸಾಲದು. ಅವರ ಪಕ್ಕ ಕೂತು, ಒಂದೇ ಕೆಲಸವನ್ನು ಹತ್ತು ಸಲ ಬೇರೆಬೇರೆ ಸರಕಿನಲ್ಲಿ ಮಾಡುವುದನ್ನು ನೋಡಬೇಕು. ಎಲ್ಲಿ ಕೈ ಬೇರೆಯಾಗುತ್ತದೋ ಅಲ್ಲಿ ನಿಲ್ಲಿಸಿ, ಯಾಕೆ ಅಂತ ಕೇಳಬೇಕು.

ಕಷ್ಟದ ತೀರ್ಮಾನಗಳು

ಕೆಟ್ಟ 8 ಡ್ರಮ್ ಏನು ಮಾಡುವುದು? ಮಸಾಲೆ ಜಾಸ್ತಿ ಹಾಕಿ ತೊಕ್ಕು ಮಾಡಿ ಮಾರಬಹುದು ಅಂತ ಒಂದು ಸಲಹೆ ಬಂತು. ದೊಡ್ಡಮ್ಮ, ಮಾಲೀಕರು ಇಬ್ಬರೂ ಬೇಡ ಅಂದರು. ಮೆತ್ತಗಾದ ಮಿಡಿಯನ್ನು ಗಟ್ಟಿ ಮಾಡುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಎಂಟನ್ನೂ ಗುಂಡಿ ತೋಡಿ ಮುಚ್ಚಿದರು. 32 ಸಾವಿರ ಮಿಡಿ. ಆ ದಿನ ಶೆಡ್ಡಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಂಗಡಿಗಳಲ್ಲಿ ಉಳಿದಿದ್ದ ಬಾಟಲಿಗಳದ್ದು ಇನ್ನೂ ಕಷ್ಟದ ಪ್ರಶ್ನೆ. ಕೇಳಿದವರಿಗೆ ಮಾತ್ರ ಬದಲಿಸಿ ಕೊಡುವುದೋ, ನಾವೇ ಫೋನ್ ಮಾಡಿ ವಾಪಸ್ ಕರೆಸುವುದೋ? ಮಾಲೀಕರು ಎರಡು ದಿನ ಯೋಚಿಸಿ, ತಾವೇ ಎಲ್ಲ ಅಂಗಡಿಗೂ ಫೋನ್ ಮಾಡಿದರು. ಉಪ್ಪು ಕಡಿಮೆಯಾಗಿದೆ, ತಪ್ಪು ನಮ್ಮದು, ಬಾಟಲಿ ಕಳಿಸಿ ಅಂದರು. ಒಂದು ಅಂಗಡಿ ಖಾತೆಯನ್ನೇ ಮುಚ್ಚಿತು. ಉಳಿದವರು ಮುಂದಿನ ವರ್ಷವೂ ತಗೊಂಡರು.

ಮುಂದಿನ ಸೀಸನ್

ಫೆಬ್ರವರಿಗೆ ಮೊದಲು ಮಾಡಿದ ಬದಲಾವಣೆಗಳು ಹೆಚ್ಚೇನಿಲ್ಲ. ಗೋಡೆಯ ಸಾಲು ಅಳಿಸಿ "4 ಕೆಜಿ ಮಿಡಿಗೆ 1 ಕೆಜಿ ಉಪ್ಪು" ಅಂತ ಬರೆದರು. ದುಡ್ಡಿನ ಲೆಕ್ಕ ಎಣಿಕೆಯಲ್ಲೇ ಉಳಿಯಿತು, ಕೊಯ್ಯುವವರಿಗೆ ಅದೇ ರೂಢಿ. ಆದರೆ ಎಣಿಸಿದ ಮೇಲೆ ಪ್ರತಿ ಡ್ರಮ್ ಮಿಡಿಯನ್ನೂ ತೂಗಬೇಕು, ಉಪ್ಪನ್ನೂ ತೂಗಬೇಕು. ಡಬ್ಬಿಯನ್ನು ಶೆಡ್ಡಿನಿಂದಲೇ ತೆಗೆದರು. ಅಲ್ಲೇ ಇದ್ದರೆ ಅವಸರದಲ್ಲಿ ಕೈ ಅದಕ್ಕೇ ಹೋಗುತ್ತದೆ. ಮಸಾಲೆಗೆ ಸೇರಿಸುವ ನೀರಿಗೂ ಉಪ್ಪು ತೂಗಿ ಹಾಕುವುದಾಯಿತು. ಡ್ರಮ್ ನಂಬರ್ ಬಾಟಲಿಯ ಲೇಬಲ್‌ವರೆಗೂ ಹೋಗಬೇಕು, ಎರಡು ಡ್ರಮ್ ಬೆರೆಸುವ ಹಾಗಿಲ್ಲ.

ಪ್ರತಿ ಡ್ರಮ್‌ನ ಮೊದಲ ಒಂದು ಬಾಟಲಿ ಅಟ್ಟಕ್ಕೆ ಹೋಗುತ್ತಿತ್ತು. ತಗಡಿನ ಮಾಡಿನ ಕೆಳಗೆ ಮಲೆನಾಡಿನಲ್ಲೂ ಬೇಸಿಗೆಯಲ್ಲಿ ಬೆಂಕಿ. ಮೂರು ವಾರ ಅಲ್ಲಿ ಇಟ್ಟು ನೋಡಿ, ಉಬ್ಬದಿದ್ದರೆ ಮಾತ್ರ ಆ ಡ್ರಮ್‌ನ ಬಾಟಲಿಗಳು ಹೊರಡಬೇಕು. ಈ ಉಪಾಯ ಹೇಳಿದ್ದು ಶೆಡ್ಡಿನಲ್ಲಿ ಹಪ್ಪಳ ಒಣಗಿಸುವ ಒಬ್ಬರು.

ಬಿದ್ದ ಮಿಡಿಯದ್ದು ಸೂಕ್ಷ್ಮ ವಿಷಯವಾಗಿತ್ತು. ಬುಟ್ಟಿಯಿಂದ 50 ಮಿಡಿ ತೆಗೆದು ನೋಡಿ, 5ಕ್ಕಿಂತ ಜಾಸ್ತಿ ತೊಟ್ಟಿಲ್ಲದ್ದು, ಜಜ್ಜಿದ್ದು ಇದ್ದರೆ ದರ ಕಡಿಮೆ ಅಂತ ನಾನು ಹೇಳಿದ್ದೆ. ಮೊದಲ ವಾರವೇ ಜಗಳವಾಯಿತು. ಇಪ್ಪತ್ತು ವರ್ಷದಿಂದ ಆ ಮನೆಗೆ ಮಿಡಿ ತರುತ್ತಿದ್ದವರು ಬುಟ್ಟಿ ಹೊತ್ತು ವಾಪಸ್ ಹೊರಟೇಬಿಟ್ಟರು. ಐವತ್ತು ಅಡಿ ಮರ ಹತ್ತಿ ಇಳಿಸಿದವರನ್ನು ಕಳ್ಳರ ಹಾಗೆ ನೋಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನ್ನ ಲೆಕ್ಕದಲ್ಲಿ ಆ ಮನುಷ್ಯರೇ ಇರಲಿಲ್ಲ. ದೊಡ್ಡಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಹೋದ ವರ್ಷದ ಮಿಡಿಯನ್ನು ಕತ್ತರಿಸಿ ತೋರಿಸಿದರು. ಆಮೇಲೆ ಒಂದು ಒಪ್ಪಂದವಾಯಿತು: ಬಿದ್ದ ಮಿಡಿಗೆ ಬೇರೆ ಬುಟ್ಟಿ, ಅದಕ್ಕೂ ದುಡ್ಡು ಉಂಟು, ದರ ಮಾತ್ರ ಅರ್ಧ. ತೊಟ್ಟಿನ ಮಿಡಿಗೆ ಸಾವಿರಕ್ಕೆ ಸ್ವಲ್ಪ ಜಾಸ್ತಿ. ಬಿದ್ದದ್ದನ್ನು ಆ ವಾರವೇ ಕೊಚ್ಚಿ, ಹತ್ತಿರದ ಪೇಟೆಯಲ್ಲಿ ಬೇಗ ಮಾರುವ ಕೊಚ್ಚು ಉಪ್ಪಿನಕಾಯಿ ಮಾಡಿದರು. ಬೆರೆಸಿ ತರುವುದಕ್ಕೆ ಕಾರಣವೇ ಉಳಿಯಲಿಲ್ಲ. ನಾನು ಹೇಳಿದ 50ರ ಪರೀಕ್ಷೆಗಿಂತ ಇದು ಚೆನ್ನಾಗಿ ಕೆಲಸ ಮಾಡಿತು.

ನಾನು ಮಾಡಿದ ಇನ್ನೊಂದು ತಪ್ಪು ರಿಜಿಸ್ಟರ್. 14 ಕಾಲಮ್ ಇದ್ದ ದೊಡ್ಡ ಪುಸ್ತಕ ಮಾಡಿಸಿದ್ದೆ. ಮೂರನೇ ವಾರ ಹೋಗಿ ನೋಡಿದರೆ ಎಲ್ಲ ಡ್ರಮ್‌ಗೂ 1.15, 1.15, 1.15. ಬೇರೆಬೇರೆ ದಿನದ ಡ್ರಮ್‌ಗಳು ಹಾಗೆ ಒಂದೇ ಸಮ ಬರುವುದಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಒಬ್ಬರು ಕೂತು ಎಲ್ಲವನ್ನೂ ಒಟ್ಟಿಗೆ ತುಂಬಿಸುತ್ತಿದ್ದರು. ಬೈಯುವ ವಿಷಯವಲ್ಲ ಅದು. ಕೈಯೆಲ್ಲ ಸೊನೆ, ಉಪ್ಪು ಇರುವಾಗ 14 ಕಾಲಮ್ ಯಾರು ಬರೆಯುತ್ತಾರೆ? ಪುಸ್ತಕ ತೆಗೆದುಹಾಕಿ ಪ್ರತಿ ಡ್ರಮ್‌ಗೆ ಒಂದು ರಟ್ಟಿನ ಚೀಟಿ ಕಟ್ಟಿದೆವು, ಅವರು ಮೊದಲಿಂದ ಕಟ್ಟುತ್ತಿದ್ದಂಥದ್ದೇ. ಮಿಡಿ ಎಷ್ಟು ಕೆಜಿ, ಉಪ್ಪು ಎಷ್ಟು ಕೆಜಿ, ಹತ್ತನೇ ದಿನ ಕಲಕಿದ ಮೇಲೆ ರೀಡಿಂಗ್ ಎಷ್ಟು. ಮೂರೇ ಸಾಲು. 1.14ಕ್ಕಿಂತ ಕಡಿಮೆ ಇದ್ದರೆ ಚೀಟಿಗೆ ಕೆಂಪು ದಾರ. ಆಮೇಲೆ ಬಂದ ಅಂಕಿಗಳು ಏರುಪೇರಾಗಿದ್ದವು, ನೋಡಿ ಸಮಾಧಾನವಾಯಿತು.

ಕೆಂಪು ದಾರ

ಮೇ ತಿಂಗಳಲ್ಲಿ ಬೆಂಗಳೂರಿನಿಂದ ದೊಡ್ಡ ಆರ್ಡರ್ ಬಂತು, 300 ಬಾಟಲಿ, ನಾಲ್ಕು ದಿನದಲ್ಲಿ ಬೇಕು. ಅದಕ್ಕೆ ಅಂತ ತೆಗೆದಿಟ್ಟಿದ್ದ ನಾಲ್ಕು ಡ್ರಮ್‌ನಲ್ಲಿ ಒಂದರ ಚೀಟಿಗೆ ಕೆಂಪು ದಾರ ಇತ್ತು. ರೀಡಿಂಗ್ 1.12. ಮಾಲೀಕರು ಊರಲ್ಲಿ ಇರಲಿಲ್ಲ. ಗಾಡಿ ಬಂದು ನಿಂತಿತ್ತು. ಫೋನಿನಲ್ಲಿ ಅವರು "ಸ್ವಲ್ಪ ತಾನೇ ಕಡಿಮೆ, ಈ ಸಲ ಹೋಗಲಿ" ಅಂದರಂತೆ. ಮಸಾಲೆ ಕಲಸುವ ಮೇಜಿನ ಹಿರಿಯಕ್ಕ ಹೇಳಿದರಂತೆ: "ನೀವೇ ಬಂದು ದಾರ ಬಿಚ್ಚಿ ಅಣ್ಣಾ. ನಾನು ಬಿಚ್ಚೋದಿಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಾಲೀಕರು ಬೆಂಗಳೂರಿಗೆ ಫೋನ್ ಮಾಡಿ, 240 ಮಾತ್ರ ಕಳಿಸುತ್ತೇವೆ ಅಂದರು. ಆ ಡ್ರಮ್‌ಗೆ ಉಪ್ಪು ಸೇರಿಸಿ, ಕಲಕಿ, ಹನ್ನೆರಡು ದಿನ ಬಿಟ್ಟರು. ರೀಡಿಂಗ್ ಮೇಲೆ ಬಂತು, ಮಿಡಿ ಇನ್ನೂ ಗಟ್ಟಿಯಾಗೇ ಇತ್ತು. ಉಳಿದ 60 ಬಾಟಲಿಯ ಆರ್ಡರ್ ಮಾತ್ರ ತಪ್ಪಿತು. ಊರಿಗೆ ಬಂದ ಮೇಲೆ ಮಾಲೀಕರು ಎಲ್ಲರ ಮುಂದೆ ಆ ಅಕ್ಕನಿಗೆ ಕೈಮುಗಿದರು. ತಕ್ಕಡಿ, ಚೀಟಿ, ಗಾಜಿನ ಕೊಳವೆ ಎಲ್ಲವನ್ನೂ ದುಡ್ಡು ಕೊಟ್ಟು ತರಬಹುದು. ಆ ದಿನ ಅವರು ಸಿಟ್ಟು ಮಾಡಿದ್ದರೆ ಮರುದಿನದಿಂದ ಒಬ್ಬರೂ ಕೆಂಪು ದಾರ ಕಟ್ಟುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಆ ವರ್ಷ 44 ಡ್ರಮ್ ಹಾಕಿದರು, ಬೇಕೆಂದೇ ಕಡಿಮೆ. ಡಿಸೆಂಬರ್‌ವರೆಗೆ 3400 ಬಾಟಲಿ ಹೋಗಿ ವಾಪಸ್ ಬಂದದ್ದು 23. ಅದರಲ್ಲಿ 15 ದಾರಿಯಲ್ಲಿ ಒಡೆದದ್ದು. ಉಬ್ಬಿದ್ದು 8, ಎಂಟೂ ಒಂದೇ ಡ್ರಮ್‌ನದ್ದು. ಈ ಸಲ ಅದು ಯಾವ ಡ್ರಮ್ ಅಂತ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಆ ಡ್ರಮ್‌ನ ಮಿಡಿಗಳು ಮೇಲೆ ತೇಲಿ ಉಪ್ಪುನೀರಿನಿಂದ ಹೊರಗೆ ನಿಂತಿದ್ದವು, ಮೇಲೆ ಭಾರ ಇಡುವುದು ಮರೆತಿತ್ತು. ಚೀಟಿಗೆ ನಾಲ್ಕನೇ ಸಾಲು ಬಂತು: "ಭಾರ ಇಟ್ಟಿದೆಯೇ?" ತಕ್ಕಡಿ, ಹೈಡ್ರೋಮೀಟರ್, ಪ್ರಯೋಗಾಲಯದ ಶುಲ್ಕ ಎಲ್ಲ ಸೇರಿ ಆದ ಖರ್ಚು ಹಿಂದಿನ ವರ್ಷ ಕಳೆದುಕೊಂಡದ್ದರ ಕಾಲುಭಾಗವೂ ಇಲ್ಲ.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಈಗ ನಿಂಬೆ ಉಪ್ಪಿನಕಾಯಿಯನ್ನು ಹೆಚ್ಚಿಸುವ ಯೋಚನೆ ಇದೆ. ದೊಡ್ಡಮ್ಮನ ಹಳೇ ಪುಸ್ತಕ ತೆಗೆದು ಅಳತೆ ನೋಡಿದೆವು. "ನೂರು ನಿಂಬೆಗೆ ಒಂದೂವರೆ ಡಬ್ಬಿ ಉಪ್ಪು" ಅಂತ ಇತ್ತು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಒಳಗಿನಿಂದ ತಕ್ಕಡಿ ತರಲು ಸೊಸೆಯನ್ನು ಕಳಿಸಿದ್ದರು. ಪಕ್ಕದಲ್ಲಿ ಎರಡು ಬುಟ್ಟಿ ನಿಂಬೆ ಇತ್ತು. ಒಂದರಲ್ಲಿ ಸಣ್ಣದು, ಒಂದರಲ್ಲಿ ದಪ್ಪದ್ದು.